ಪಿಕಪ್ ಕೊಳ್ಳುವವರ ಲೆಕ್ಕ: ಮೇಲಿನ ದರ್ಜೆಗೆ ಆರು ಲಕ್ಷ, ಅದರಲ್ಲಿ ಕೆಸರಿಗೆ ಎಷ್ಟು?

2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆ ಸಣ್ಣ ಕಾರು ಕೊಳ್ಳುವವರಿಗೆ ತಂದ ಸಂತಸದ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಅದೇ ಪರಿಷ್ಕರಣೆ ಇನ್ನೊಂದು ಪುಟ್ಟ ಮಾರುಕಟ್ಟೆಯನ್ನೂ ಅಲುಗಿಸಿತೆಂಬುದು ಹೆಚ್ಚು ಜನರ ಗಮನಕ್ಕೆ ಬಂದಂತಿಲ್ಲ. ಸರಕು ವಾಹನಗಳ ಮೇಲಿನ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿದಾಗ, ಐವರು ಕೂರುವ, ಹಿಂದೆ ತೆರೆದ ತೊಟ್ಟಿಯಿರುವ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯಬಲ್ಲ ಪಿಕಪ್‌ಗಳೂ ಅದರ ಲಾಭ ಪಡೆದವು. ನಮ್ಮದೇ ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್‌ನ ಬೆಲೆ ಆಗ ಗರಿಷ್ಠ ಸುಮಾರು 2.52 ಲಕ್ಷ ರೂಪಾಯಿಯಷ್ಟು ತಗ್ಗಿತು. ಆಂಧ್ರಪ್ರದೇಶದ ಶ್ರೀಸಿಟಿಯಿಂದ ಬರುವ ಇಸುಜು ವಿ-ಕ್ರಾಸ್ ಸಹ ಅಗ್ಗವಾಯಿತು.

ಬೆಲೆ ಇಳಿದಾಗ ಕೊಳ್ಳುವವನ ಮನಸ್ಸು ಸಹಜವಾಗಿಯೇ ಒಂದು ಮೆಟ್ಟಿಲು ಮೇಲೆ ಹತ್ತುತ್ತದೆ. ಉಳಿದ ಹಣಕ್ಕೆ ಇನ್ನಷ್ಟು ಸೇರಿಸಿ 'ಟಾಪ್ ಎಂಡ್' ಒಯ್ಯಿರಿ ಎನ್ನುವ ಮಾರಾಟಗಾರನ ಮಾತು ಅಲ್ಲಿ ಕಾದೇ ಇರುತ್ತದೆ. ದಾರಿಯಿಲ್ಲದ ಕಡೆ ಓಡಿಸಲೆಂದೇ ವಾಹನ ಕೊಳ್ಳುವವರು ಈ ಮಾತಿಗೆ ಓಗೊಡುವ ಮೊದಲು ಯೋಚಿಸಬೇಕಾದ ಸಂಗತಿಗಳು ಹಲವಿವೆ.

ಹೈಲಕ್ಸನ್ನೇ ನೋಡೋಣ. 2022ರ ಮಾರ್ಚ್ ಕೊನೆಗೆ ಅದರ ಬೆಲೆ ಪ್ರಕಟವಾದಾಗ 'ಸ್ಟ್ಯಾಂಡರ್ಡ್' ದರ್ಜೆಗೆ 33.99 ಲಕ್ಷ, 'ಹೈ' ದರ್ಜೆಯ ಮ್ಯಾನುಯಲ್ ಗೇರಿಗೆ 35.80 ಲಕ್ಷ ಇತ್ತು. ಎರಡರ ನಡುವಿನ ಅಂತರ ಎರಡು ಲಕ್ಷಕ್ಕೂ ಕಡಿಮೆ. ಒಂದೇ ವರ್ಷದಲ್ಲಿ ಕಂಪನಿ ಲೆಕ್ಕ ಬದಲಿಸಿತು: 2023ರ ಮಾರ್ಚ್‌ನಲ್ಲಿ ಸ್ಟ್ಯಾಂಡರ್ಡ್ 30.40 ಲಕ್ಷಕ್ಕೆ ಇಳಿದರೆ, ಹೈ 37.15 ಲಕ್ಷಕ್ಕೆ ಏರಿತು. ಅಂತರ 6.75 ಲಕ್ಷವಾಯಿತು. ಕಳೆದ ತೆರಿಗೆ ಕಡಿತದ ನಂತರವೂ ಅದು ಆರು ಲಕ್ಷದ ಮೇಲೆಯೇ ಉಳಿಯಿತು. ಒಂದು ಒಳ್ಳೆಯ ಸಣ್ಣ ಕಾರಿನ ಬೆಲೆ ಅದು!

ಈ ಆರು ಲಕ್ಷಕ್ಕೆ ದೊರೆಯುವುದಾದರೂ ಏನು? ಎಂಜಿನ್ ಅದೇ, 2.8 ಲೀಟರಿನ, 204 ಅಶ್ವಶಕ್ತಿಯ ಡೀಸೆಲ್. ಮ್ಯಾನುಯಲ್ ಗೇರಿನೊಂದಿಗೆ ಅದರ ತಿರುಗುಬಲ 420 ನ್ಯೂಟನ್ ಮೀಟರ್. ಸ್ಟ್ಯಾಂಡರ್ಡ್ ಕೊಂಡರೂ ಹೈ ಕೊಂಡರೂ ಇದರಲ್ಲಿ ವ್ಯತ್ಯಾಸವಿಲ್ಲ. ಫೋರ್ ಬೈ ಫೋರ್ ವ್ಯವಸ್ಥೆ ಎರಡರಲ್ಲೂ ಇದೆ. 700 ಮಿಲಿಮೀಟರ್ ಆಳದ ನೀರಿನಲ್ಲಿ ದಾಟಬಲ್ಲದೆಂಬ ಕಂಪನಿಯ ಮಾತೂ ಎರಡಕ್ಕೂ ಸಲ್ಲುತ್ತದೆ. ಮೇಲಿನ ದರ್ಜೆಯಲ್ಲಿ ಹ್ಯಾಲೊಜೆನ್ ಬದಲು ಎಲ್‌ಇಡಿ ದೀಪ, ಬಟ್ಟೆಯ ಬದಲು ಚರ್ಮದ ಆಸನ, 17 ಇಂಚಿನ ಬದಲು 18 ಇಂಚಿನ ಚಕ್ರ, ಬೇಕೆಂದರೆ 500 ನ್ಯೂಟನ್ ಮೀಟರ್ ತಿರುಗುಬಲದ ಆಟೊಮ್ಯಾಟಿಕ್ ಗೇರು. ರಾತ್ರಿ ಮಂಜಿನಲ್ಲಿ ಘಾಟಿ ಇಳಿಯುವವರಿಗೆ ಒಳ್ಳೆಯ ದೀಪ ವ್ಯರ್ಥ ಖರ್ಚೇನಲ್ಲ, ಒಪ್ಪಬೇಕು. ಜಾರುವ ಏರಿನಲ್ಲಿ ಕ್ಲಚ್ಚಿನ ಚಿಂತೆಯಿಲ್ಲದ ಆಟೊಮ್ಯಾಟಿಕ್ ಸಹ ಹಲವರಿಗೆ ವರವೇ.

ಆದರೆ ಚಕ್ರದ ವಿಷಯವೇ ಬೇರೆ. ಸ್ಟ್ಯಾಂಡರ್ಡ್‌ನ ಟೈರಿನ ಅಗಲ 265 ಮಿಲಿಮೀಟರ್, ಅದರ ಪಕ್ಕದ ಗೋಡೆ ಅಗಲದ ಶೇ 65. ಹೈ ದರ್ಜೆಯಲ್ಲಿ ಅದೇ ಅಗಲಕ್ಕೆ ಶೇ 60. ಅಂದರೆ ಅಗ್ಗದ ವಾಹನದ ಟೈರಿನ ಗೋಡೆ ಸುಮಾರು 172 ಮಿಲಿಮೀಟರ್ ಎತ್ತರ, ದುಬಾರಿಯದ್ದು 159. ಕಲ್ಲಿನ ದಾರಿಯಲ್ಲಿ ಗಾಳಿ ಇಳಿಸಿ ಓಡಿಸುವಾಗ ಬಾಗಿ ಬಳುಕಿ ಹಿಡಿತ ಕೊಡುವುದು, ಕಲ್ಲಿನ ಪೆಟ್ಟಿನಿಂದ ರಿಮ್ಮನ್ನು ಕಾಯುವುದು ಈ ಗೋಡೆಯೇ. ಹೊಳೆಯುವ ದೊಡ್ಡ ಚಕ್ರ ಶೋರೂಮಿನ ನೆಲಕ್ಕೆ ಹೊಂದುತ್ತದೆ. ಕಾಫಿ ತೋಟದ ಒಳದಾರಿಗೆ ಹೊಂದುವುದು ಸಣ್ಣದು. ಹೆಚ್ಚು ಹಣ ಕೊಟ್ಟು ಕಡಿಮೆ ಪಡೆಯುವ ವಿಚಿತ್ರ ಇದು. 2025ರ ಮಾರ್ಚ್‌ನಲ್ಲಿ ಬಂದ 'ಬ್ಲ್ಯಾಕ್ ಎಡಿಷನ್' ಇನ್ನೊಂದು ನಿದರ್ಶನ. ಹೈ ಆಟೊಮ್ಯಾಟಿಕ್‌ನ 37.90 ಲಕ್ಷದ ಬೆಲೆಗೇ ಬಂದ ಆ ವಾಹನದಲ್ಲಿ ಯಂತ್ರವೆಲ್ಲ ಹಳೆಯದೇ, ಹೊಸದೆಂದರೆ ಬಣ್ಣ ಮತ್ತು ಅಲಂಕಾರ.

ಇಸುಜುವಿನ ಕಥೆ ಇದಕ್ಕೆ ತದ್ವಿರುದ್ಧ. ಇಲ್ಲಿ ಕೆಳಗಿನ ದರ್ಜೆ ಕೊಂಡವರು ಕಳೆದುಕೊಳ್ಳುವುದು ಚರ್ಮದ ಆಸನವನ್ನಲ್ಲ, ಫೋರ್ ಬೈ ಫೋರನ್ನೇ. 2021ರ ಮೇ ತಿಂಗಳಲ್ಲಿ ಬಿಎಸ್-6 ಎಂಜಿನ್ನಿನೊಂದಿಗೆ ಬಂದಾಗ 'ಹೈಲ್ಯಾಂಡರ್' ಬೆಲೆ 16.98 ಲಕ್ಷ, ನಾಲ್ಕು ಚಕ್ರಗಳ ಚಾಲನೆಯ 'ವಿ-ಕ್ರಾಸ್ ಝಡ್' ಬೆಲೆ 20.98 ಲಕ್ಷ. ಎಂಜಿನ್ ಒಂದೇ: 1.9 ಲೀಟರ್, 163 ಅಶ್ವಶಕ್ತಿ. ದೂರದಿಂದ ನೋಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಮೊದಲ ಮಳೆಗೆ ತೋಟದ ಏರಿನಲ್ಲಿ ಹಿಂದಿನ ಚಕ್ರ ತಿರುಗುತ್ತಲೇ ನಿಂತಾಗ ವ್ಯತ್ಯಾಸ ತಿಳಿಯುತ್ತದೆ. ವಿ-ಕ್ರಾಸ್ ಎಂಬ ಹೆಸರಿದ್ದ ಮಾತ್ರಕ್ಕೆ ಫೋರ್ ಬೈ ಫೋರ್ ಎಂದು ನಂಬುವಂತೆಯೂ ಇಲ್ಲ. ಝಡ್ ಆಟೊಮ್ಯಾಟಿಕ್ ಎರಡೇ ಚಕ್ರಗಳ ಚಾಲನೆಯದು.

ಅಮೆರಿಕದಲ್ಲಾದರೆ ಕೆಳ ದರ್ಜೆಯ ಪಿಕಪ್ ಕೊಂಡು, ಸ್ಪ್ರಿಂಗು, ಬಂಪರು, ದೊಡ್ಡ ಟೈರುಗಳನ್ನು ನಿಧಾನಕ್ಕೆ ಸೇರಿಸಿಕೊಳ್ಳುವುದು ಒಂದು ಪರಿಪಾಠ. ನಮ್ಮಲ್ಲಿ ಆ ಬಾಗಿಲು ಬಹುಪಾಲು ಮುಚ್ಚಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾತುಗಳಲ್ಲಿ ಎತ್ತಿಹಿಡಿಯಿತು. ಅದಕ್ಕೂ ಮೊದಲು, 2017ರ ಡಿಸೆಂಬರ್‌ನಲ್ಲಿ, ಮುಂದೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕಿಸುವುದರ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿತ್ತು. ಹೀಗಾಗಿ ಬುಕಿಂಗ್ ದಿನ ಆರಿಸಿದ ದರ್ಜೆಯೇ ವಾಹನದ ಆಯುಷ್ಯವಿಡೀ ಉಳಿಯುತ್ತದೆ. ಆಸನಕ್ಕೆ ಮುಂದೆ ಹೊದಿಕೆ ಹಾಕಿಸಬಹುದು. ಇಲ್ಲದ ಫೋರ್ ಬೈ ಫೋರನ್ನು ಹಾಕಿಸಲಾಗದು.

ತೆರಿಗೆಯ ಲೆಕ್ಕವನ್ನೂ ಮರೆಯಬಾರದು. ಜಿಎಸ್‌ಟಿಯ ಕಣ್ಣಿಗೆ ಇದು ಸರಕು ವಾಹನ. ಆದರೆ ಬಿಳಿ ಫಲಕದ ಖಾಸಗಿ ವಾಹನವಾಗಿ ನೋಂದಾಯಿಸಲು ಹೋದರೆ ಆರ್‌ಟಿಒ ಕಣ್ಣಿಗೆ ಕಾರಿನ ಸಮಾನ. ಕರ್ನಾಟಕದಲ್ಲಿ 10ರಿಂದ 20 ಲಕ್ಷದವರೆಗಿನ ಖಾಸಗಿ ವಾಹನಕ್ಕೆ ಜೀವಿತಾವಧಿ ತೆರಿಗೆ ಶೇ 17, ಅದಕ್ಕೂ ಮೇಲಿನದಕ್ಕೆ ಶೇ 18; ಆ ತೆರಿಗೆಯ ಮೇಲೆ ಶೇ 11ರ ಸೆಸ್ ಬೇರೆ. ಅಂದರೆ 20 ಲಕ್ಷ ದಾಟಿದ ವಾಹನದಲ್ಲಿ ದರ್ಜೆ ಏರಿಸಿಕೊಳ್ಳಲು ಕೊಡುವ ಪ್ರತಿ ಒಂದು ಲಕ್ಷಕ್ಕೆ ಸುಮಾರು 20 ಸಾವಿರ ಸರ್ಕಾರಕ್ಕೆ ಸಲ್ಲುತ್ತದೆ. ಹೈಲಕ್ಸ್‌ನ 6.75 ಲಕ್ಷದ ಅಂತರ ಈ ಲೆಕ್ಕದಲ್ಲಿ 8 ಲಕ್ಷ ದಾಟುತ್ತಿತ್ತು, ವಿಮೆಯನ್ನು ಬಿಟ್ಟೇ. ಇಸುಜುವಿನ 2021ರ ಬೆಲೆಗಳಿಗೆ ಇದೇ ದರ ಹಚ್ಚಿದರೆ ನಾಲ್ಕು ಲಕ್ಷದ ಅಂತರ ಐದು ಲಕ್ಷದ ಸಮೀಪ ಬರುತ್ತದೆ. ಆದರೂ ಅಲ್ಲಿ ಕೊಟ್ಟ ಹಣಕ್ಕೆ ಚಕ್ರಗಳೆರಡು ಹೆಚ್ಚು ದುಡಿಯುತ್ತವೆ.

ಇನ್ನು ಸುರಕ್ಷತೆಯ ಪ್ರಶ್ನೆ. ನಮ್ಮ ಆಕ್ಷೇಪ ಹೆಚ್ಚಾಗಿರುವುದು ಇಲ್ಲಿಯೇ. ಗಾಳಿಚೀಲಗಳ ಸಂಖ್ಯೆ, ಜಾರುವಿಕೆ ತಡೆಯುವ ಎಲೆಕ್ಟ್ರಾನಿಕ್ ನಿಯಂತ್ರಣ ಮುಂತಾದವನ್ನೂ ಚರ್ಮದ ಆಸನದಂತೆ ದರ್ಜೆಗನುಗುಣವಾಗಿ ಹಂಚುವ ಪರಿಪಾಠ ನಮ್ಮ ವಾಹನೋದ್ಯಮದಲ್ಲಿ ಬೇರೂರಿದೆ. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ನಕ್ಷತ್ರ ಪರೀಕ್ಷೆ ಪ್ರಯಾಣಿಕ ವಾಹನಗಳಿಗಷ್ಟೇ ಮೀಸಲು. ಸರಕು ವರ್ಗದ ಪಿಕಪ್ ಅದರ ವ್ಯಾಪ್ತಿಗೆ ಬರುವುದಿಲ್ಲ. ತೆರಿಗೆ ಕಟ್ಟುವಾಗ ಕಾರು, ಅಪಘಾತ ಪರೀಕ್ಷೆಯ ವೇಳೆಗೆ ಲಾರಿಯ ಸಂಬಂಧಿ! ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ಈ ಭೇದದಿಂದ ಪ್ರಯೋಜನವೇನು? ಸಚಿವಾಲಯ ಇದನ್ನು ಸರಿಪಡಿಸುವವರೆಗೆ ಕೊಳ್ಳುವವರು ದರ್ಜೆವಾರು ಪಟ್ಟಿಯನ್ನು ತಾವೇ ಸಾಲುಸಾಲಾಗಿ ಓದಿಕೊಳ್ಳಬೇಕಾಗಿದೆ.

ಆ ಪಟ್ಟಿಯಲ್ಲಿ ಮೊದಲು ಹುಡುಕಬೇಕಾದದ್ದು ಪರದೆಯ ಅಳತೆಯನ್ನಲ್ಲ. ಒಂದು ಚಕ್ರ ಗಾಳಿಯಲ್ಲಿ ತೇಲಿದಾಗ ಶಕ್ತಿಯೆಲ್ಲ ಅದಕ್ಕೇ ಹರಿದು ಪೋಲಾಗುವುದನ್ನು ತಡೆಯುವ ಡಿಫರೆನ್ಷಿಯಲ್ ಲಾಕ್ ಉಂಟೇ? ಇಲ್ಲವಾದರೆ ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ ಶಕ್ತಿಯನ್ನು ಇನ್ನೊಂದಕ್ಕೆ ಕಳಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಆದರೂ ಉಂಟೇ? ಇಳಿಜಾರಿನಲ್ಲಿ ವೇಗ ಹಿಡಿದಿಡುವ ವ್ಯವಸ್ಥೆ ಯಾವ ದರ್ಜೆಯಿಂದ ಸಿಗುತ್ತದೆ? ಇವಕ್ಕೆ ಉತ್ತರ ಸಿಕ್ಕ ನಂತರ ಸ್ಪೀಕರುಗಳನ್ನು ಎಣಿಸಬಹುದು.

ಯಾವ ದರ್ಜೆಯೂ ಬದಲಿಸಲಾಗದ ಸಂಗತಿಗಳೂ ಇವೆ. ಹಿಂದೆ ಲೀಫ್ ಸ್ಪ್ರಿಂಗ್ ಇರುವ ಈ ವಾಹನಗಳು ತೊಟ್ಟಿ ಖಾಲಿಯಿದ್ದಾಗ ಹಳ್ಳಕೊಳ್ಳದ ರಸ್ತೆಯಲ್ಲಿ ಕುಣಿಯುತ್ತವೆ, 28 ಲಕ್ಷ ಕೊಟ್ಟರೂ ಅಷ್ಟೇ, 35 ಲಕ್ಷ ಕೊಟ್ಟರೂ ಅಷ್ಟೇ. ಹೈಲಕ್ಸ್‌ನ ಉದ್ದ 5,325 ಮಿಲಿಮೀಟರ್. ಚಾರ್ಮಾಡಿಯ ತಿರುವುಗಳಲ್ಲಿಯೂ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿಯೂ ಈ ಉದ್ದ ಕೊಳ್ಳುವವನ ಪಾಲಿಗೆ ನಿತ್ಯದ ಸಂಗತಿ. ಹೈಲಕ್ಸ್‌ನ ಹೊಸ ತಲೆಮಾರು 2025ರ ನವೆಂಬರ್‌ನಲ್ಲಿ ಥಾಯ್ಲೆಂಡಿನಲ್ಲಿ ಅನಾವರಣಗೊಂಡಿರುವುದನ್ನೂ ಚೌಕಾಸಿಗೆ ಕೂರುವವರು ತಿಳಿದಿರುವುದು ಒಳ್ಳೆಯದು. ಪರೀಕ್ಷಾ ಚಾಲನೆಗೆ ಶೋರೂಮಿನವರು ಸಾಮಾನ್ಯವಾಗಿ ತಂದು ನಿಲ್ಲಿಸುವುದು ಮೇಲಿನ ದರ್ಜೆಯ ವಾಹನವನ್ನೇ. ತಾವು ಕೊಳ್ಳಲಿರುವ ದರ್ಜೆಯದನ್ನೇ ಕೇಳಿ ಓಡಿಸಬೇಕು, ಸಾಧ್ಯವಾದರೆ ಡಾಂಬರು ಮುಗಿದ ಕಡೆ.