ಎಪಿ ಕ್ಯಾಲ್ಕುಲಸ್: ಏಳು ದಶಕಗಳ ಲೆಕ್ಕ ನೋಡಿದಾಗ

ಅಮೆರಿಕದ ಕಾಲೇಜ್ ಬೋರ್ಡ್ ಪ್ರೌಢಶಾಲೆಯ ಮಕ್ಕಳಿಗಾಗಿ ಕಾಲೇಜು ಮಟ್ಟದ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ (ಎಪಿ) ಪರೀಕ್ಷೆಗಳನ್ನು ಮೊದಲ ಬಾರಿಗೆ ನಡೆಸಿದ್ದು 1956ರಲ್ಲಿ. ಗಣಿತಕ್ಕೆ ಆಗ ಒಂದೇ ಪತ್ರಿಕೆ ಇತ್ತು. 1969ರಲ್ಲಿ ಅದು ಕ್ಯಾಲ್ಕುಲಸ್ ಎ.ಬಿ. ಮತ್ತು ಅದಕ್ಕಿಂತ ವಿಸ್ತಾರವಾದ ಬಿ.ಸಿ. ಎಂದು ಎರಡಾಯಿತು. ಇವತ್ತು ಎರಡೂ ಸೇರಿ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಮೇ ತಿಂಗಳಲ್ಲಿ ಈ ಪರೀಕ್ಷೆಗೆ ಕೂರುತ್ತಾರೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಗಳ ಕನ್ನಡಿಗರ ಮನೆಗಳಲ್ಲೂ ಇದು ದಿನನಿತ್ಯದ ಮಾತಾಗಿ ಬಹಳ ಕಾಲವಾಯಿತು.

ಏಳು ದಶಕ ಸಣ್ಣ ಅವಧಿಯಲ್ಲ. ಈ ಪರೀಕ್ಷೆ ಬರೆದ ಮಕ್ಕಳು ಏನು ಪಡೆದರು, ಏನು ಕಳೆದುಕೊಂಡರು ಎಂದು ಒಮ್ಮೆ ಹಿಂತಿರುಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಕ್ಕಳಿಗೆ ಒಳ್ಳೆಯದಾದದ್ದು ಬಹುಮಟ್ಟಿಗೆ ಪ್ರಶ್ನೆಪತ್ರಿಕೆಯ ಒಳಗಿತ್ತು. ಅವರನ್ನು ನೋಯಿಸಿದ್ದು ಬಹುಮಟ್ಟಿಗೆ ಅದರ ಸುತ್ತ ದೊಡ್ಡವರು ಕಟ್ಟಿದ ವ್ಯವಸ್ಥೆ.

ಮೊದಲು ಪತ್ರಿಕೆಯನ್ನೇ ನೋಡೋಣ. ಒಟ್ಟು 3 ಗಂಟೆ 15 ನಿಮಿಷ. 45 ಬಹು ಆಯ್ಕೆಯ ಪ್ರಶ್ನೆಗಳಿಗೆ ಅರ್ಧ ತೂಕ, ಬಿಡಿಸಿ ಬರೆಯಬೇಕಾದ 6 ಪ್ರಶ್ನೆಗಳಿಗೆ ಉಳಿದರ್ಧ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ 2011ರಿಂದ ಇಲ್ಲ. ವಿದ್ಯಾರ್ಥಿಗಳ ನೆನಪಿನಲ್ಲಿ ಉಳಿಯುವುದು ಆ ಆರು ದೊಡ್ಡ ಪ್ರಶ್ನೆಗಳು. 2023ರ ಎ.ಬಿ. ಪತ್ರಿಕೆಯ ಮೂರನೆಯ ಪ್ರಶ್ನೆಯನ್ನು ತೆಗೆದುಕೊಳ್ಳಿ. ಫ್ರಿಜ್ಜಿನಿಂದ ತೆಗೆದ ಹಾಲಿನ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟಿದ್ದಾರೆ. ಹಾಲಿನ ಉಷ್ಣತೆ ಮೊದಲಿಗೆ 5 ಡಿಗ್ರಿ. ಅದು ಏರುವ ವೇಗ, 40 ಡಿಗ್ರಿ ತಲುಪಲು ಇನ್ನೆಷ್ಟು ಬಾಕಿ ಇದೆಯೋ ಅದರ ಕಾಲುಭಾಗ. ಕ್ಯಾಲ್ಕುಲೇಟರ್ ಮುಟ್ಟುವಂತಿಲ್ಲ.

ಮೊದಲು ಉಷ್ಣತೆ ಏರುವ ರೇಖೆಯನ್ನು ಬರೆದು ತೋರಿಸಬೇಕು. ಆಮೇಲೆ ಸ್ಪರ್ಶಕದ ನೆರವಿನಿಂದ 2 ನಿಮಿಷಗಳ ನಂತರದ ಉಷ್ಣತೆಯನ್ನು ಅಂದಾಜು ಮಾಡಬೇಕು, ಉತ್ತರ 22.5 ಡಿಗ್ರಿ ಬರುತ್ತದೆ. ಅಸಲಿ ಪ್ರಶ್ನೆ ಇಲ್ಲಿಂದ ಮುಂದೆ: ಈ ಅಂದಾಜು ನಿಜಕ್ಕಿಂತ ಹೆಚ್ಚೋ ಕಡಿಮೆಯೋ, ಏಕೆ? ಎರಡನೆಯ ಡಿರೈವೇಟಿವ್ ತೆಗೆದು, ಅದು ಋಣ ಎಂದು ತೋರಿಸಿ, ಹಾಗಾಗಿ ರೇಖೆ ಕೆಳಕ್ಕೆ ಬಾಗುತ್ತದೆ, ಸ್ಪರ್ಶಕ ಅದರ ಮೇಲಿರುತ್ತದೆ ಎಂದು ಬರೆದವರಿಗಷ್ಟೇ ಪೂರ್ತಿ ಅಂಕ. ಕೊನೆಗೆ ಸಮೀಕರಣವನ್ನೇ ಬಿಡಿಸಬೇಕು. ಚರಗಳನ್ನು ಬೇರ್ಪಡಿಸದೆ ಹೊರಟರೆ ಆ ಭಾಗದ ಅಂಕವೆಲ್ಲ ಸೊನ್ನೆ. ಇಂಟಿಗ್ರೇಷನ್ ಮಾಡಿ ‘ಪ್ಲಸ್ ಸಿ’ ಬರೆಯಲು ಮರೆತರೆ ಮುಂದಿನ ಅಂಕಗಳು ಕೈತಪ್ಪುತ್ತವೆ. ಎಲ್ಲ ಸರಿಯಾಗಿ ಬಿಡಿಸಿದವರಿಗೆ 2 ನಿಮಿಷದ ನಿಜವಾದ ಉಷ್ಣತೆ 19 ಡಿಗ್ರಿಗೂ ಸ್ವಲ್ಪ ಕಡಿಮೆ ಎಂದು ಗೊತ್ತಾಗುತ್ತದೆ. ಮೊದಲಿನ ವಾದ ಸರಿಯಿತ್ತೆಂಬುದು ತಾನಾಗಿಯೇ ರುಜುವಾಗುತ್ತದೆ.

ಪರೀಕ್ಷೆ ಮುಗಿಸಿ ಬಂದ ಮಕ್ಕಳು ಗೋಳಾಡುವುದು ಇಂಥ ಕಡೆಗಳಲ್ಲೇ. “ಉತ್ತರ ಸರಿ ಬಂದಿತ್ತು, ಕಾರಣ ಬರೆಯಲಿಲ್ಲ”, “ಯೂನಿಟ್ ಹಾಕಲಿಲ್ಲ”, “ಸಿ ಮರೆತೆ”. ಈ ಸಂಕಟ ನಿಜ. ಆದರೂ ಹದಿನೇಳು ವರ್ಷದ ಹುಡುಗಿಯನ್ನು ‘ಹೌದು, ಆದರೆ ಏಕೆ?’ ಎಂದು ಕೇಳುವ ಪರೀಕ್ಷೆ ಅಪರೂಪ. ಉತ್ತರವನ್ನು ಸಂಕ್ಷೇಪಿಸದೆ ಹಾಗೇ ಬಿಟ್ಟರೂ ಇಲ್ಲಿ ಅಂಕ ಕಳೆಯುವುದಿಲ್ಲ, ತರ್ಕ ಕಾಣದಿದ್ದರೆ ಕಳೆಯುತ್ತಾರೆ. ಈ ಉತ್ತರಗಳನ್ನು ಪ್ರೌಢಶಾಲೆಯ ಶಿಕ್ಷಕರೂ ಕಾಲೇಜಿನ ಅಧ್ಯಾಪಕರೂ ಸೇರಿ ಒಂದೇ ಅಳತೆಗೋಲಿನಿಂದ ತಿದ್ದುತ್ತಾರೆ; ಆಮೇಲೆ ಪ್ರಶ್ನೆಗಳೂ ಅಂಕ ಹಂಚಿಕೆಯೂ ಎಲ್ಲರಿಗೂ ಸಿಗುವಂತೆ ಪ್ರಕಟವಾಗುತ್ತವೆ. ಇದು ಜಮೆಯ ಕಡೆಯ ದೊಡ್ಡ ಬಾಬ್ತು.

ಈ ಪರೀಕ್ಷೆ ಯಾರದು ಎಂಬ ಪ್ರಶ್ನೆಯನ್ನು ಎತ್ತಿದ್ದು 1982. ಪೂರ್ವ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಶಾಲೆಯಲ್ಲಿ ಓದುತ್ತಿದ್ದವರು ಹೆಚ್ಚಾಗಿ ಮೆಕ್ಸಿಕನ್ ಮೂಲದ ಬಡ ಕುಟುಂಬಗಳ ಮಕ್ಕಳು. ಬೊಲಿವಿಯಾದಿಂದ ವಲಸೆ ಬಂದ ಹೈಮೆ ಎಸ್ಕಲಾಂಟೆ ಅಲ್ಲಿ ಗಣಿತದ ಮೇಷ್ಟ್ರು. ಆ ವರ್ಷ ಅವರ 18 ವಿದ್ಯಾರ್ಥಿಗಳು ಎ.ಬಿ. ಪರೀಕ್ಷೆ ಪಾಸಾದರು. ಅವರಲ್ಲಿ 14 ಮಂದಿಯ ಉತ್ತರಗಳು ಒಂದನ್ನೊಂದು ಹೋಲುತ್ತವೆಂದು ಕಾಲೇಜ್ ಬೋರ್ಡ್ ಪರವಾಗಿ ಆಗ ಪರೀಕ್ಷೆ ನಡೆಸುತ್ತಿದ್ದ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಅನುಮಾನಿಸಿತು. 12 ಮಂದಿ ಮತ್ತೆ ಪರೀಕ್ಷೆಗೆ ಕೂತರು. ಹನ್ನೆರಡೂ ಮಂದಿ ಪಾಸಾದರು.

1988ರಲ್ಲಿ ‘ಸ್ಟ್ಯಾಂಡ್ ಆ್ಯಂಡ್ ಡೆಲಿವರ್’ ಸಿನಿಮಾ ಬಂದಮೇಲೆ ಈ ಕಥೆ ಜಗತ್ತಿಗೆಲ್ಲ ಗೊತ್ತಾಯಿತು. ಆ ಸಾಧನೆಗೆ ಹಿಡಿದ ಕಾಲ ಮಾತ್ರ ಜನರ ಗಮನಕ್ಕೆ ಬಂದದ್ದು ಕಡಿಮೆ. ಎಸ್ಕಲಾಂಟೆ ಗಾರ್ಫೀಲ್ಡ್ ಸೇರಿದ್ದು 1974ರಲ್ಲಿ. ಕ್ಯಾಲ್ಕುಲಸ್ ತರಗತಿ ತೆರೆಯಲು ನಾಲ್ಕು ವರ್ಷ ಬೇಕಾಯಿತು. 1979ರಲ್ಲಿ ಪರೀಕ್ಷೆ ಬರೆದವರು ಐದೇ ಮಂದಿ. ಕೆಳಗಿನ ತರಗತಿಗಳಲ್ಲಿ ಬೀಜಗಣಿತವನ್ನು ಗಟ್ಟಿ ಮಾಡಿ, ಬೇಸಗೆ ರಜೆಯಲ್ಲೂ ಪಾಠ ನಡೆಸಿ, ಬೆಂಬಲಕ್ಕೆ ನಿಂತ ಪ್ರಾಂಶುಪಾಲರ ನೆರವಿನಿಂದ ಆ ತರಗತಿ ಬೆಳೆಯಿತು. 1987ರ ಹೊತ್ತಿಗೆ ಎರಡೂ ಪತ್ರಿಕೆ ಸೇರಿ ಎಂಬತ್ತಕ್ಕೂ ಹೆಚ್ಚು ಮಕ್ಕಳು ಪಾಸಾದರು. 1991ರಲ್ಲಿ ಎಸ್ಕಲಾಂಟೆ ಶಾಲೆ ಬಿಟ್ಟರು. ಮುಂದಿನ ವರ್ಷಗಳಲ್ಲಿ ಸಂಖ್ಯೆ ಇಳಿಯಿತು. ಬಡ ಮಕ್ಕಳಿಗೆ ಕ್ಯಾಲ್ಕುಲಸ್ ಬರುತ್ತದೆ ಎಂಬುದನ್ನು ಗಾರ್ಫೀಲ್ಡ್ ನಿಸ್ಸಂದೇಹವಾಗಿ ಸಾಬೀತು ಮಾಡಿತು. ಒಬ್ಬ ಮೇಷ್ಟ್ರ ಹೆಗಲ ಮೇಲೆ ನಿಂತ ಸಾಧನೆ ಅವರೊಂದಿಗೇ ಹೊರಟುಹೋಗುತ್ತದೆ ಎಂಬುದನ್ನೂ ಅದೇ ಶಾಲೆ ತೋರಿಸಿತು. ಮೊದಲ ಪಾಠಕ್ಕೆ ದೇಶ ಚಪ್ಪಾಳೆ ಹೊಡೆಯಿತು, ಎರಡನೆಯದನ್ನು ಕಲಿಯಲಿಲ್ಲ.

ಇಂದಿಗೂ ಅಮೆರಿಕದ ಪ್ರೌಢಶಾಲೆಗಳಲ್ಲಿ ಕ್ಯಾಲ್ಕುಲಸ್ ಕಲಿಸುವಂಥವು ಸುಮಾರು ಅರ್ಧದಷ್ಟು ಮಾತ್ರ. ಕಪ್ಪು ಮತ್ತು ಲ್ಯಾಟಿನೊ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲಿ ಆ ಪಾಲು ಇನ್ನೂ ಕಡಿಮೆ. ಎಂಟನೆಯ ತರಗತಿಯಲ್ಲಿ ಬೀಜಗಣಿತ ಕಲಿಯದ ಮಗುವಿಗೆ ಹನ್ನೆರಡರಲ್ಲಿ ಕ್ಯಾಲ್ಕುಲಸ್ ಮುಟ್ಟುವುದು ಕಷ್ಟ. ಸ್ಯಾನ್ ಫ್ರಾನ್ಸಿಸ್ಕೊ 2014ರಲ್ಲಿ ಸಮಾನತೆಯ ಹೆಸರಿನಲ್ಲಿ ಎಂಟನೆಯ ತರಗತಿಯ ಬೀಜಗಣಿತವನ್ನೇ ತೆಗೆದುಹಾಕಿತು. ಕೈಲಾದವರು ಹೊರಗಡೆ ದುಡ್ಡು ಕೊಟ್ಟು ಕಲಿಸಿದರು. ಹತ್ತು ವರ್ಷದ ಮೇಲೆ, 2024ರಲ್ಲಿ, ಅದನ್ನು ಮರಳಿ ತರಲು ಶಾಲಾ ಮಂಡಳಿ ತೀರ್ಮಾನಿಸಿತು. ಏಣಿ ಎಲ್ಲರಿಗೂ ಸಿಗದಾಗ ಇನ್ನಷ್ಟು ಏಣಿ ಹಾಕಬೇಕು. ಇದ್ದ ಮೆಟ್ಟಿಲನ್ನು ಕಿತ್ತರೆ ಬೀಳುವುದು ಬಡವರ ಮಕ್ಕಳೇ.

2020ರ ಮೇ ತಿಂಗಳನ್ನು ಆ ಸಾಲಿನ ವಿದ್ಯಾರ್ಥಿಗಳು ಮರೆಯಲಾರರು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದವು. ಮೂರು ಗಂಟೆಯ ಪರೀಕ್ಷೆ 45 ನಿಮಿಷಕ್ಕೆ ಇಳಿಯಿತು. ಎರಡೇ ಪ್ರಶ್ನೆ; ಒಂದಕ್ಕೆ 25 ನಿಮಿಷ, ಇನ್ನೊಂದಕ್ಕೆ 15. ಉತ್ತರವನ್ನು ಕಾಗದದ ಮೇಲೆ ಬರೆದು, ಫೋನಿನಲ್ಲಿ ಫೋಟೊ ತೆಗೆದು, ಐದು ನಿಮಿಷದೊಳಗೆ ಅಪ್‌ಲೋಡ್ ಮಾಡಬೇಕು. ಕೆಲವರ ಐಫೋನಿನ ಫೋಟೊಗಳನ್ನು ಪರೀಕ್ಷೆಯ ವೆಬ್‌ಸೈಟ್ ಒಪ್ಪಲಿಲ್ಲ. ಸಮಯ ಮುಗಿಯಿತು, ಬರೆದ ಉತ್ತರ ಕೈಯಲ್ಲೇ ಉಳಿಯಿತು. ಜಗತ್ತಿಗೆಲ್ಲ ಒಂದೇ ಗಳಿಗೆಯಲ್ಲಿ ಪರೀಕ್ಷೆ ಇಟ್ಟದ್ದರಿಂದ ಏಷ್ಯಾದಲ್ಲಿದ್ದವರು ರಾತ್ರಿಯ ಹೊತ್ತು ಬರೆದರು. ತೊಂದರೆಯಾದವರು ಒಟ್ಟು ಸಂಖ್ಯೆಯ ಶೇ 1ಕ್ಕಿಂತ ಕಡಿಮೆ ಎಂದು ಕಾಲೇಜ್ ಬೋರ್ಡ್ ಹೇಳಿತು, ಜೂನ್‌ನಲ್ಲಿ ಮತ್ತೆ ಬರೆಯಲು ಅವಕಾಶ ಕೊಟ್ಟಿತು. ವರ್ಷವಿಡೀ ಓದಿದ ಮಗುವಿಗೆ ತಾನು ಆ ಒಂದರೊಳಗೆ ಬಿದ್ದಾಗ ಅದು ನೂರಕ್ಕೆ ನೂರು.

ಉಪಕರಣಗಳ ಬದಲಾವಣೆಯೇ ಕೆಟ್ಟದ್ದೆಂದಲ್ಲ. 1995ರಲ್ಲಿ ಗ್ರಾಫಿಂಗ್ ಕ್ಯಾಲ್ಕುಲೇಟರ್ ಕಡ್ಡಾಯವಾದಾಗ ಪತ್ರಿಕೆಯ ಒಂದು ಭಾಗವನ್ನು ಅದಿಲ್ಲದೆಯೇ ಬರೆಯುವಂತೆ ಉಳಿಸಿಕೊಂಡಿದ್ದರಿಂದ ಕೈಲೆಕ್ಕ ಸಾಯಲಿಲ್ಲ. 2025ರಲ್ಲಿ ಪರೀಕ್ಷೆ ಪರದೆಗೆ ಹೋಯಿತು. ಬಹು ಆಯ್ಕೆಯ ಉತ್ತರ ಕಂಪ್ಯೂಟರಿನಲ್ಲಿ, ದೊಡ್ಡ ಪ್ರಶ್ನೆಗಳ ಉತ್ತರ ಮಾತ್ರ ಈಗಲೂ ಕೈಬರಹದಲ್ಲಿ. ಈ ತೀರ್ಮಾನ ಒಳ್ಳೆಯದು. ಯೋಚನೆ ನಡೆದ ದಾರಿ ಕಾಣುವುದು ಕಾಗದದ ಮೇಲೇ.

ಇನ್ನು ನಮ್ಮವರ ಮಾತು. ಮಕ್ಕಳ ಪುಸ್ತಕಕ್ಕಿಂತ ಮೊದಲೇ ಅಪ್ಪ–ಅಮ್ಮಂದಿರ ಲೆಕ್ಕಾಚಾರ ಶುರುವಾಗುತ್ತದೆ: ಏಳರಲ್ಲಿ ಆಲ್‌ಜೀಬ್ರಾ, ಹತ್ತರಲ್ಲೋ ಹನ್ನೊಂದರಲ್ಲೋ ಬಿ.ಸಿ., ಐದಕ್ಕೆ ಐದು ಅಂಕ. ಬಿ.ಸಿ. ಬರೆದವರಲ್ಲಿ ಹತ್ತಕ್ಕೆ ಸುಮಾರು ನಾಲ್ವರಿಗೆ 5 ಬರುತ್ತದೆ, ಎ.ಬಿ.ಯಲ್ಲಿ ಸುಮಾರು ಇಬ್ಬರಿಗೆ. ಬಿ.ಸಿ. ಸುಲಭ ಎಂದು ಇದರ ಅರ್ಥವಲ್ಲ, ತಯಾರಾದವರೇ ಅದಕ್ಕೆ ಹೋಗುತ್ತಾರೆ ಅಷ್ಟೆ. ಪಿಯುಸಿಯಲ್ಲಿ ನೂರಕ್ಕೆ ನೂರೇ ಗುರಿ ಎಂದು ಬೆಳೆದ ತಂದೆತಾಯಿ ಇನ್ನೊಂದನ್ನು ಗಮನಿಸಬೇಕು. ಬಿಡುಗಡೆಯಾದ ಹಳೆಯ ಪತ್ರಿಕೆಗಳ ಪ್ರಕಾರ, ಒಟ್ಟು ಅಂಕದ ಸುಮಾರು ಮೂರನೇ ಎರಡು ಭಾಗ ಬಂದರೂ 5 ಸಿಗುತ್ತದೆ. ಪೂರ್ತಿ ಗೊತ್ತಿಲ್ಲದ ಪ್ರಶ್ನೆಯ ಎದುರು ಧೈರ್ಯವಾಗಿ ಯೋಚಿಸಲು ಇದರಿಂದ ಜಾಗ ಸಿಗುತ್ತದೆ. ತಪ್ಪೇ ಆಗಬಾರದು ಎಂಬ ನಮ್ಮ ಹಟ ಆ ಜಾಗವನ್ನು ಮಕ್ಕಳಿಂದ ಕಸಿದುಕೊಳ್ಳುತ್ತದೆ.

ಹೀಗೆ ಓಡಿದ್ದರಿಂದ ಸಿಕ್ಕಿದ್ದಾದರೂ ಏನು? ಬಿ.ಸಿ.ಯಲ್ಲಿ 5 ಬಂದವರಿಗೆ ಎಂ.ಐ.ಟಿ. ಮೊದಲ ಕ್ಯಾಲ್ಕುಲಸ್ ಕೋರ್ಸಿನ ಕ್ರೆಡಿಟ್ ಕೊಡುತ್ತದೆ. ಕ್ಯಾಲ್‌ಟೆಕ್ ಎಪಿ ಅಂಕಗಳಿಗೆ ಕ್ರೆಡಿಟ್ಟನ್ನೇ ಕೊಡುವುದಿಲ್ಲ. ಕಾಲೇಜಿನ ಮೊದಲ ಕ್ಯಾಲ್ಕುಲಸ್ ತರಗತಿಯಲ್ಲಿ ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಶಾಲೆಯಲ್ಲೇ ಒಮ್ಮೆ ಓದಿ ಬಂದವರು ಎಂಬುದು ಮ್ಯಾಥಮ್ಯಾಟಿಕಲ್ ಅಸೋಸಿಯೇಷನ್ ಆಫ್ ಅಮೆರಿಕ 2010ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಕಂಡುಬಂತು. ಅದೇ ಸಂಘ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿಯೊಂದಿಗೆ ಸೇರಿ 2012ರಲ್ಲಿ ಎಚ್ಚರಿಕೆ ಕೊಟ್ಟಿತು: ಶಾಲಾ ಗಣಿತದ ಗುರಿ ಮಕ್ಕಳನ್ನು ಕ್ಯಾಲ್ಕುಲಸ್‌ವರೆಗೆ ತಳ್ಳುವುದಲ್ಲ, ಮುಂದೆ ಓದಲು ಬೇಕಾದ ಬುನಾದಿ ಹಾಕುವುದು. ಆ ಮಾತಿಗೆ ಕಿವಿಗೊಟ್ಟವರು ಕಡಿಮೆ.

ಹಾಗಾದರೆ ಮುಂದೇನು? ಆಗಬೇಕಾದದ್ದು ಮೂರು. ಮೊದಲನೆಯದು, ಎಂಟನೆಯ ತರಗತಿಯ ಬೀಜಗಣಿತ ಸಿದ್ಧವಿರುವ ಪ್ರತಿ ಮಗುವಿಗೂ ತನ್ನ ಸರ್ಕಾರಿ ಶಾಲೆಯಲ್ಲೇ ಸಿಗಲಿ. ಅದನ್ನು ಕಲಿಸುವ ಮೇಷ್ಟ್ರನ್ನು ತಯಾರು ಮಾಡುವ ಖರ್ಚನ್ನು ಸರ್ಕಾರಗಳು ಹೊರಲಿ. ಎರಡನೆಯದು, ಕ್ಯಾಲ್ಕುಲಸ್ ಇಲ್ಲದ ಶಾಲೆಯಿಂದ ಬಂದ ಮಗುವನ್ನು ಅದಿಲ್ಲವೆಂಬ ಕಾರಣಕ್ಕೆ ಕಾಲೇಜುಗಳು ಹಿಂದೆ ತಳ್ಳದಿರಲಿ. ಸಂಖ್ಯಾಶಾಸ್ತ್ರ ಆರಿಸಿಕೊಂಡವರನ್ನು ಕೀಳಾಗಿ ಕಾಣದಿರಲಿ. ಮೂರನೆಯದು ನಮ್ಮ ಮನೆಗಳಲ್ಲೇ ಆಗಬೇಕಾದ್ದು, ಅದಕ್ಕೆ ಯಾವ ಮಂಡಳಿಯ ಒಪ್ಪಿಗೆಯೂ ಬೇಡ. ಪರೀಕ್ಷೆ ಮುಗಿಸಿ ಬಂದ ಮಗನಿಗೋ ಮಗಳಿಗೋ ಎಷ್ಟು ಬರಬಹುದು ಎಂದು ಕೇಳುವ ಮೊದಲು ಯಾವ ಪ್ರಶ್ನೆ ಇಷ್ಟವಾಯಿತು, ಹೇಗೆ ಬಿಡಿಸಿದೆ ಎಂದು ಕೇಳೋಣ. ಏಳು ದಶಕಗಳಿಂದ ಆ ಪತ್ರಿಕೆ ಕೇಳುತ್ತಾ ಬಂದದ್ದೂ ಇದನ್ನೇ. ಅಂಕ ಜುಲೈನಲ್ಲಿ ಹೇಗೂ ಬರುತ್ತದೆ. ತಾನು ಯೋಚಿಸಿದ್ದನ್ನು ಇನ್ನೊಬ್ಬರಿಗೆ ಮನವರಿಕೆ ಮಾಡಿಕೊಡುವ ಶಕ್ತಿ ಆ ಮಗುವಿನ ಜೊತೆ ಕಾಲೇಜಿಗೂ ಹೋಗುತ್ತದೆ, ಕೆಲಸಕ್ಕೂ ಹೋಗುತ್ತದೆ. ಅದನ್ನು ಬೆಳೆಸಿದ ಮಟ್ಟಿಗೆ ಈ ಪರೀಕ್ಷೆ ಗೆದ್ದಿದೆ. ಉಳಿದ ಸಾಲ ತೀರಿಸಬೇಕಾದವರು ದೊಡ್ಡವರು.