ಬೀರು ಸೇರಿದ ಫೈಲು

೨೦೨೧ರ ಅಕ್ಟೋಬರ್ ೨೯ರಂದು ಪುನೀತ್ ರಾಜಕುಮಾರ್ ೪೬ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮರುದಿನಗಳಲ್ಲೇ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ, ಯಾವ ನೋವೂ ಇಲ್ಲದವರ ಸಾಲು ಬೆಳೆಯಿತು. ಆ ಭಯವನ್ನು ನಾನು ಹಳಿಯಲಾರೆ. ಅದನ್ನು ‘ಪ್ಯಾಕೇಜು’ ಕಟ್ಟಿ ಮಾರುವವರ ಮೇಲೆ ನನ್ನ ತಕರಾರು.

ನನ್ನ ಅಣ್ಣನೂ ಅಂಥ ಪ್ಯಾಕೇಜು ಕೊಂಡವನೇ. ಹತ್ತಾರು ಪರೀಕ್ಷೆ, ಬಣ್ಣದ ಫೈಲು, ಕೊನೆಗೆ ಇಡ್ಲಿ, ಕಾಫಿ. ಒಂಬತ್ತನೆಯ ಪುಟದಲ್ಲಿ ರಕ್ತದೊತ್ತಡ ೧೭೦/೧೦೦ ಎಂದಿತ್ತು. ಆಸ್ಪತ್ರೆಯವರು ಮತ್ತೆ ಕರೆಯಲಿಲ್ಲ, ಇವನೂ ಹೋಗಲಿಲ್ಲ. ಫೈಲು ಬೀರು ಸೇರಿತು. ಎರಡು ವರ್ಷದ ಮೇಲೆ ಹೃದಯಾಘಾತ. ವೈಕುಂಠ ಸಮಾರಾಧನೆ ಮುಗಿಸಿ ಬಂದು ಆ ಪುಟವನ್ನು ಮೊದಲು ಓದಿದವನು ನಾನು.

ಡೆನ್ಮಾರ್ಕಿನವರು ೧೯೯೯ರಲ್ಲಿ ಇದನ್ನು ಒರೆಗೆ ಹಚ್ಚಿದರು. ಸುಮಾರು ೬೦ ಸಾವಿರ ಜನರಲ್ಲಿ ೧೧ ಸಾವಿರಕ್ಕೂ ಹೆಚ್ಚು ಮಂದಿಯನ್ನು ತಪಾಸಣೆಗೆ ಕರೆದು, ಅಪಾಯವಿದ್ದವರಿಗೆ ಐದು ವರ್ಷ ಹಿತವಚನ ಹೇಳಿದರು. ಹತ್ತು ವರ್ಷದ ಲೆಕ್ಕದಲ್ಲಿ, ಕರೆದವರಿಗೂ ಕರೆಯದವರಿಗೂ ಹೃದ್ರೋಗ ಒಂದೇ ಸಮ! ತಪಾಸಣೆಯೂ ಔಷಧವಲ್ಲ, ಹಿತವಚನವೂ ಔಷಧವಲ್ಲ.

ಹಾಗೆಂದು ಅಳೆಯುವುದೇ ಬೇಡವೆ? ಬೇಕು, ಸ್ವಾಮಿ. ಏರಿದ ಒತ್ತಡ ನೋಯುವುದಿಲ್ಲ, ಅಳೆಯದೆ ತಿಳಿಯದು. ಅದಕ್ಕೆ ತೋಳಿಗೊಂದು ಪಟ್ಟಿ ಸಾಕು. ಇಳಿಸುವ ಮಾತ್ರೆಗಳೂ ಅಗ್ಗ. ಅವು ಹೃದಯಾಘಾತ, ಪಾರ್ಶ್ವವಾಯು ಎರಡನ್ನೂ ತಗ್ಗಿಸುತ್ತವೆ. ಆದರೆ ಅಳೆದವನಿಗೆ ಋಣವೊಂದುಂಟು: ಮತ್ತೆ ಕರೆದು, ಮತ್ತೆ ಅಳೆದು, ‘ಮಾತ್ರೆ ತಪ್ಪದೆ ನುಂಗುತ್ತಿದ್ದೀರಾ?’ ಎಂದು ತಿಂಗಳು ತಿಂಗಳೂ ಕೇಳಬೇಕು. ಆ ಪ್ರಶ್ನೆ ಯಾವ ಪ್ಯಾಕೇಜಿನಲ್ಲಿದೆ, ಹೇಳಿ.

ಓದುಗರೇ, ಈ ಭಾನುವಾರ ನಿಮ್ಮ ಬೀರು ತೆಗೆಯಿರಿ.