ಅಪ್ಪನ ಅಂಗಾಲು ನೋಡಿದ್ದೀಯಾ?

ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕೂತು ಇದನ್ನು ಓದುತ್ತಿರುವ ಶಿರಸಿ, ಸಿದ್ದಾಪುರ, ಯಲ್ಲಾಪುರದ ಗೆಳೆಯ, ಗೆಳತಿ, ನಿನ್ನ ಅಪ್ಪನಿಗೆ ಸಕ್ಕರೆ ಕಾಯಿಲೆಯಿದ್ದರೆ ಒಂದು ಪ್ರಶ್ನೆ. ಅವರ ಅಂಗಾಲನ್ನು ನೀನು ಕಡೆಯ ಸಲ ನೋಡಿದ್ದು ಯಾವಾಗ?

ನಾನಂತೂ ನೋಡಿರಲಿಲ್ಲ. ಮಳೆಗಾಲದಲ್ಲಿ ಅಪ್ಪ ಬರಿಗಾಲಲ್ಲಿ ತೋಟ ಸುತ್ತಿ ಬಂದು ಬಚ್ಚಲೊಲೆಯ ಮುಂದೆ ಕಾಲು ಚಾಚಿ ಕೂರುತ್ತಿದ್ದರು. ಒಂದು ದಿನ ಕಿರುಬೆರಳ ಬುಡದಲ್ಲಿ ಬೊಬ್ಬೆ ಎದ್ದಿತು. "ನೋವಿಲ್ಲ ಮಾರಾಯ" ಅಂದರು. ನೋವಿಲ್ಲ ಅಂದಮೇಲೆ ಏನು ಮಹಾ ಅಂತ ನಾವೂ ಸುಮ್ಮನಾದೆವು. ಆದರೆ ವರ್ಷಗಟ್ಟಲೆ ಏರಿದ ಸಕ್ಕರೆ ಕಾಲಿನ ನರಗಳನ್ನು ಸಾಯಿಸುತ್ತದೆ, ರಕ್ತದ ಹಾದಿಯನ್ನೂ ಕಟ್ಟುತ್ತದೆ. ಬೆಂಕಿ ಸುಟ್ಟರೂ, ಮುಳ್ಳು ಹೊಕ್ಕರೂ ಕಾಲು ಸುದ್ದಿ ಕೊಡುವುದಿಲ್ಲ. ಅರಿಶಿನ ಹಚ್ಚಿ ಹದಿನೈದು ದಿನ ಕಳೆದೆವು. ವಾಸನೆ ಬಂದ ಮೇಲೆ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಓಡಿದೆವು. ಎರಡು ಬೆರಳು ಹೋದವು.

ಬಿಡುಗಡೆಯ ದಿನ ಕೈಗೆ ಒಂದು ಹಾಳೆ ಕೊಟ್ಟರು. ಗಾಯದ ಆರೈಕೆಯ ಕ್ರಮವೆಲ್ಲ ಅದರಲ್ಲಿತ್ತು, ಇಂಗ್ಲಿಷಿನಲ್ಲಿ! ಅಂಥ ಹಾಳೆಗಳನ್ನು ಸಾವಿರಗಟ್ಟಲೆ ಅಚ್ಚು ಹಾಕಿದವನು ನಾನು. ಪಿಯುಸಿ ಓದಿದ ನನಗೇ ಅರ್ಧ ತಿಳಿಯಲಿಲ್ಲ. ದಿನಾ ಪಟ್ಟಿ ಬಿಚ್ಚಿ ಕಟ್ಟಬೇಕಾದ ಅಮ್ಮನಿಗೆ?

ನಮ್ಮನ್ನು ಉಳಿಸಿದ್ದು ವಾರ್ಡಿನ ಒಬ್ಬ ನರ್ಸಮ್ಮ. ಪಕ್ಕ ಕೂತು ಕನ್ನಡದಲ್ಲಿ ಹೇಳಿದರು. ಮೊದಲು ಸೋಪಿನಿಂದ ಕೈ ತೊಳೆಯಿರಿ. ಗಾಯಕ್ಕೆ ಸಲೈನ್ ಸಾಕು. ಸ್ಪಿರಿಟ್ಟು, ಪೆರಾಕ್ಸೈಡು ಸುರಿದರೆ ಹೊಸದಾಗಿ ಬರುವ ಚರ್ಮವೂ ಸುಡುತ್ತದೆ. ಪಟ್ಟಿ ಅಂಟಿಕೊಂಡರೆ ಕೀಳಬೇಡಿ, ಸಲೈನ್ ಬಿಟ್ಟು ನೆನೆಸಿ. ಕಪ್ಪಾದರೆ, ಕೀವಾದರೆ, ಸುತ್ತ ಕೆಂಪಗೆ ಬಾತರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಎಲ್ಲಕ್ಕಿಂತ ಹೆಚ್ಚಾಗಿ, ಆ ಕಾಲಿನ ಮೇಲೆ ಭಾರ ಬೀಳಬಾರದು. ಎಂಥ ದುಬಾರಿ ಮುಲಾಮು ಹಚ್ಚಿದರೂ ದಿನಾ ಅದೇ ಕಾಲೂರಿ ತೋಟಕ್ಕೆ ಹೋದರೆ ಗಾಯ ಮಾಯುವುದಿಲ್ಲ. (ಅಡಿಕೆ ಬೆಳೆಗಾರನನ್ನು ಕೊಯ್ಲಿನ ಕಾಲದಲ್ಲಿ ಕುರ್ಚಿಯಲ್ಲಿ ಕೂರಿಸಿ ನೋಡಿ, ಗೊತ್ತಾಗುತ್ತದೆ ಕಷ್ಟ!)

ಇದು ಹೊಸ ವಿದ್ಯೆಯೇನಲ್ಲ. 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರಾಂಡ್ ಕುಷ್ಠರೋಗಿಗಳ ಕಾಲು ನೋಡಿ ಕಂಡುಕೊಂಡದ್ದೂ ಇದನ್ನೇ: ನೋವು ತಿಳಿಯದೆ ಗಾಯದ ಮೇಲೇ ನಡೆದು ಕಾಲು ಹಾಳಾಗುತ್ತದೆ. ಆ ರೋಗಿಗಳು ಹಾಕುತ್ತಿದ್ದ ಮೆತ್ತನೆಯ ಎಂ.ಸಿ.ಆರ್. ಚಪ್ಪಲಿಯನ್ನೇ ಇಂದು ಸಕ್ಕರೆ ಕಾಯಿಲೆಯವರಿಗೂ ಹೇಳುತ್ತಾರೆ.

ನೀನಿರುವ ಬೆಂಗಳೂರಿನಲ್ಲಿ, ವಿಕ್ಟೋರಿಯಾ ಆವರಣದ ಸರಕಾರಿ ಮಧುಮೇಹ ಸಂಸ್ಥೆಯಲ್ಲಿ, ಪಾದಕ್ಕೆಂದೇ ಒಂದು ವಿಭಾಗವಿದೆ. ಘಟ್ಟದ ಮೇಲಿನ ನಮ್ಮ ಮೂರು ತಾಲ್ಲೂಕಿನವರು ಅಷ್ಟು ದೂರ ಹೋಗಬೇಕೇ? 2022ರಲ್ಲಿ ಉತ್ತರ ಕನ್ನಡಕ್ಕೊಂದು ದೊಡ್ಡ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ದನಿಯೆತ್ತಿದರು. ಸರಿಯಾಗಿಯೇ ಎತ್ತಿದರು. ಆದರೆ ಪಾದ ನೋಡಲು ಅಷ್ಟು ದೊಡ್ಡ ಕಟ್ಟಡ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಡ್ರೆಸ್ಸಿಂಗ್ ಕಲಿಸುವ ನರ್ಸು, ಜೊತೆಗೆ ಕನ್ನಡದ ಒಂದು ಹಾಳೆ ಸಾಕು. ವೈದ್ಯರು ಬರೆದು ಕೊಡಲಿ, ಮೂರೂ ತಾಲ್ಲೂಕಿಗೆ ನಾನು ಬಿಟ್ಟಿ ಅಚ್ಚು ಹಾಕಿಕೊಡುತ್ತೇನೆ.

ನೀನು ಈ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನ ಕಾಲಿಗೆ ಬೀಳುತ್ತೀಯಲ್ಲ, ಆಗಲೇ ಅಂಗಾಲನ್ನೂ ಬೆರಳ ಸಂದಿಯನ್ನೂ ನೋಡು. ಚಪ್ಪಲಿಯೊಳಗೆ ಕೈ ಹಾಕಿ ಕಲ್ಲು, ಮೊಳೆ ಇದೆಯೇ ತಡವು. ಬಚ್ಚಲೊಲೆಯ ಮುಂದಿನ ಮಣೆಯನ್ನು ನಾಲ್ಕು ಮೊಳ ಹಿಂದೆ ಸರಿಸು.